ರೀಫ್ ಟ್ಯಾಂಕ್‌ಗೆ ಎಲ್‌ಇಡಿ: ವಾಟ್ ಬಿಡಿ, ಅಳತೆ ಹಿಡಿಯಿರಿ

"ನನ್ನ ಟ್ಯಾಂಕ್ ಮೂರಡಿ ಇದೆ, ಎಷ್ಟು ವಾಟ್‌ನ ಎಲ್‌ಇಡಿ ಹಾಕಲಿ?" ಎಂದು ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ, ಇಟ್ಟುಕೊಂಡ ಯಾರಾದರೊಬ್ಬರು ಕೇಳುತ್ತಲೇ ಇರುತ್ತಾರೆ. ಕೆಲವು ವಾರ ಕಳೆದ ಮೇಲೆ ಅವರಿಂದಲೇ ಇನ್ನೊಂದು ಪ್ರಶ್ನೆ ಬರುತ್ತದೆ: "ಹೊಸ ಲೈಟ್ ಹಾಕಿದಾಗಿನಿಂದ ಹವಳ ಬಿಳಿಚಿಕೊಳ್ಳುತ್ತಿದೆ, ಏನು ಮಾಡಲಿ?" ಎರಡಕ್ಕೂ ಬೇರು ಒಂದೇ. ಲೈಟ್ ಎಷ್ಟು ಕರೆಂಟ್ ತಿನ್ನುತ್ತದೆ ಎಂಬುದನ್ನಷ್ಟೇ ವಾಟ್ ಹೇಳುತ್ತದೆ. ಹವಳದ ಮೈಮೇಲೆ ಎಷ್ಟು ಬೆಳಕು ಬಿತ್ತು ಎಂಬುದು ಲೆನ್ಸ್, ಎತ್ತರ, ಬಣ್ಣ, ನೀರಿನ ಆಳ ಇವೆಲ್ಲ ಸೇರಿ ತೀರ್ಮಾನವಾಗುವ ಸಂಗತಿ. ಬೆಳಕು ಸಾಲದೆ ಸತ್ತ ಹವಳಕ್ಕಿಂತ ಒಮ್ಮೆಲೇ ಹೆಚ್ಚಾಗಿ ಸುಟ್ಟ ಹವಳವನ್ನೇ ನಾನು ಹೆಚ್ಚು ನೋಡಿದ್ದೇನೆ. ಹಾಗಾಗಿ ಕೊಳ್ಳುವ ಮಾತಿಗಿಂತ ಅಳೆಯುವ, ನಿಧಾನವಾಗಿ ಏರಿಸುವ ಮಾತೇ ಇಲ್ಲಿ ಜಾಸ್ತಿ.

ಮೊದಲು ನಾಲ್ಕು ಪದಗಳು

ಜೂಕ್ಸಾಂಥೆಲ್ಲೆ: ಹವಳದ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿ. ಇದು ಬೆಳಕಿನಿಂದ ಸಕ್ಕರೆ ತಯಾರಿಸಿ ಅದರಲ್ಲಿ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ನಾವು ಲೈಟ್ ಹಾಕುವುದೇ ಈ ಪಾಚಿಗಾಗಿ.

ಪಾರ್: ದ್ಯುತಿಸಂಶ್ಲೇಷಣೆಗೆ ಬಳಕೆಯಾಗುವ 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಇಂಥ ಬೆಳಕಿನ ಕಣಗಳು ಎಷ್ಟು ಬಿದ್ದವು ಎಂಬುದನ್ನು ಮೈಕ್ರೋಮೋಲ್‌ನಲ್ಲಿ ಎಣಿಸುತ್ತಾರೆ. ಹವ್ಯಾಸಿಗಳು "ಪಾರ್ 150" ಎಂದಾಗ ಹೇಳುತ್ತಿರುವುದು ಈ ಸಂಖ್ಯೆಯನ್ನೇ. ಮೋಡವಿಲ್ಲದ ನಡುಹಗಲಿನ ಬಿಸಿಲು ಸುಮಾರು 2000.

ಸ್ಪೆಕ್ಟ್ರಮ್: ಲೈಟಿನಲ್ಲಿ ಯಾವ ಬಣ್ಣ ಎಷ್ಟಿದೆ ಎಂಬ ಹಂಚಿಕೆ.

ಎಲ್‌ಪಿಎಸ್, ಎಸ್‌ಪಿಎಸ್: ಗಟ್ಟಿ ಅಸ್ಥಿಪಂಜರದ ಹವಳಗಳಲ್ಲಿ ಪಾಲಿಪ್, ಅಂದರೆ ಹವಳವಾಗಿ ಕೂಡಿರುವ ಒಂದೊಂದು ಪುಟ್ಟ ಜೀವಿ, ದೊಡ್ಡದಿದ್ದರೆ ಎಲ್‌ಪಿಎಸ್, ಚಿಕ್ಕದಿದ್ದರೆ ಎಸ್‌ಪಿಎಸ್. ಟಾರ್ಚ್, ಹ್ಯಾಮರ್ ಮೊದಲ ಗುಂಪು. ಅಕ್ರೊಪೊರಾ, ಮಾಂಟಿಪೊರಾ ಎರಡನೆಯದು. ಮಶ್ರೂಮ್, ಜೊವಾಂತಿಡ್, ಲೆದರ್ ಇವುಗಳಿಗೆ ಗಟ್ಟಿ ಅಸ್ಥಿಪಂಜರವಿಲ್ಲ; ಹವ್ಯಾಸದಲ್ಲಿ ಇವನ್ನೆಲ್ಲ ಒಟ್ಟಾಗಿ ಸಾಫ್ಟ್ ಕೋರಲ್ ಎನ್ನುತ್ತಾರೆ.

ಹಂತ 1: ಹವಳಗಳ ಪಟ್ಟಿ ಮಾಡಿ

ಲೈಟ್ ಆರಿಸುವ ಮೊದಲು ಅದರ ಕೆಳಗೆ ಯಾರು ಇರುತ್ತಾರೆ ಎಂದು ಬರೆದುಕೊಳ್ಳಿ. ಸ್ಥೂಲವಾಗಿ ಸಾಫ್ಟ್ ಕೋರಲ್‌ಗೆ ಪಾರ್ 50ರಿಂದ 150, ಎಲ್‌ಪಿಎಸ್‌ಗೆ 80ರಿಂದ 150, ಎಸ್‌ಪಿಎಸ್‌ಗೆ 200ರಿಂದ 350. ಮಶ್ರೂಮ್‌ಗೆ 50 ಬಂದರೂ ಸಾಕು. ಇವು ಕಟ್ಟುನಿಟ್ಟಿನ ಗೆರೆಗಳಲ್ಲ. ನೆರಳಿನಲ್ಲಿ ಬೆಳೆದ ಅಕ್ರೊಪೊರಾ ತುಣುಕಿಗೆ 300 ಹೊಡೆತವೇ ಆದೀತು.

ಮಿಶ್ರ ಟ್ಯಾಂಕ್ ಇದ್ದರೆ ಇಡೀ ಟ್ಯಾಂಕನ್ನು ಒಂದೇ ಮಟ್ಟಕ್ಕೆ ತರುವ ಆಸೆ ಬೇಡ. ಬಂಡೆಯ ನೆತ್ತಿಯಲ್ಲಿ 250, ನಡುವಿನಲ್ಲಿ 130, ಮರಳಿನ ಮೇಲೆ 60 ಇದ್ದರೆ ಎಲ್ಲರಿಗೂ ಒಂದೊಂದು ಮನೆ ಸಿಕ್ಕಂತೆ.

ಹಂತ 2: ಈಗಿರುವುದನ್ನು ಅಳೆಯಿರಿ

ಇದಕ್ಕೆ ನೀರಿನಲ್ಲಿ ಮುಳುಗಿಸಬಹುದಾದ ಪಾರ್ ಮೀಟರ್ ಬೇಕು. ದುಬಾರಿ ಸಾಧನ; ವರ್ಷಕ್ಕೆ ಎರಡು ಸಲ ಬಳಸುವುದಕ್ಕೆ ಕೊಂಡುಕೊಳ್ಳುವುದು ದಂಡ. ಹವ್ಯಾಸಿ ಗೆಳೆಯರಿಂದ ಎರವಲು ತನ್ನಿ, ಬಾಡಿಗೆಗೆ ಸಿಕ್ಕರೆ ತನ್ನಿ, ನಾಲ್ಕು ಜನ ಸೇರಿ ಒಂದನ್ನು ಇಟ್ಟುಕೊಂಡರೂ ಆದೀತು.

ಲಕ್ಸ್ ಮೀಟರ್ ಸಾಲದೇ ಎಂದು ಕೇಳುವವರಿಗೆ: ಲಕ್ಸ್ ಮನುಷ್ಯನ ಕಣ್ಣಿನ ಲೆಕ್ಕ. ನಮ್ಮ ಕಣ್ಣು 555 ನ್ಯಾನೋಮೀಟರ್‌ನ ಹಸಿರಿಗೆ ಅತಿ ಹೆಚ್ಚು ಸ್ಪಂದಿಸುತ್ತದೆ. 450 ನ್ಯಾನೋಮೀಟರ್‌ನ ಕಡುನೀಲಿಗೆ ಬರುವಷ್ಟರಲ್ಲಿ ಆ ಸಂವೇದನೆ ಸುಮಾರು 4 ಶೇಕಡಾಕ್ಕೆ ಇಳಿದಿರುತ್ತದೆ. ಅಂದರೆ ಹವಳಕ್ಕೆ ಬೇಕಾದ ನೀಲಿಯನ್ನೇ ಲಕ್ಸ್ ಮೀಟರ್ ಹೆಚ್ಚುಕಡಿಮೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೀಲಿ ಲೈಟ್ ಹಾಕಿದಾಗ "ಟ್ಯಾಂಕ್ ಮಂಕಾಗಿದೆ, ಇನ್ನಷ್ಟು ಏರಿಸೋಣ" ಅನ್ನಿಸುವುದೂ ಇದೇ ಕಾರಣಕ್ಕೆ. ನಿಮ್ಮ ಕಣ್ಣಿಗೆ ಮಂಕು, ಹವಳಕ್ಕೆ ನಡುಹಗಲು. ಫೋನಿನ ಆ್ಯಪ್‌ಗಳನ್ನೂ ಈ ಕೆಲಸಕ್ಕೆ ನಂಬಬೇಡಿ. ಫೋನಿನ ಬೆಳಕಿನ ಸೆನ್ಸರ್ ಇರುವುದು ಸ್ಕ್ರೀನಿನ ಹೊಳಪು ಹೊಂದಿಸುವುದಕ್ಕೆ.

ಅಳೆಯುವ ಕ್ರಮ ಹೀಗೆ. ಟ್ಯಾಂಕಿನ ನಕ್ಷೆಯನ್ನು ಕಾಗದದ ಮೇಲೆ ಮೂರು ಸಾಲು, ಮೂರು ಕಂಬಸಾಲಿನ ಒಂಬತ್ತು ಚೌಕವಾಗಿ ಗೀಚಿ. ಪ್ರತಿ ಚೌಕದಲ್ಲೂ ಮರಳಿನ ಮಟ್ಟ, ನಡುಮಟ್ಟ, ಮೇಲ್ಮಟ್ಟ ಎಂದು ಮೂರು ಅಳತೆ. ಅಲೆ ಎಬ್ಬಿಸುವ ಪಂಪ್‌ಗಳನ್ನು ಐದು ನಿಮಿಷ ಆರಿಸಿ, ಇಲ್ಲದಿದ್ದರೆ ನೀರಿನ ಮಿನುಗಿಗೆ ಅಂಕಿ ಕುಣಿಯುತ್ತಲೇ ಇರುತ್ತದೆ. ಸೆನ್ಸರ್ ನೆಟ್ಟಗೆ ಮೇಲ್ಮುಖವಾಗಿರಲಿ, ನಿಮ್ಮ ಕೈಯ ನೆರಳು ಅದರ ಮೇಲೆ ಬೀಳದಿರಲಿ. ನೀರೊಳಗೆ ಅಳೆದ ಅಂಕಿಯನ್ನು ಒಂದು ನಿರ್ದಿಷ್ಟ ಸಂಖ್ಯೆಯಿಂದ ಗುಣಿಸಬೇಕು ಎಂದು ಕೆಲವು ಮೀಟರ್‌ಗಳ ಕೈಪಿಡಿಯಲ್ಲಿ ಬರೆದಿರುತ್ತದೆ. ಅದನ್ನು ಓದದೆ ಹೋದರೆ ಅಳತೆಯೆಲ್ಲ ಕಡಿಮೆಯೇ ಬರುತ್ತದೆ. ಹಳೆಯ ಮಾದರಿಯ ಸೆನ್ಸರ್‌ಗಳು ನೀಲಿ, ನೇರಳೆಯನ್ನು ಇನ್ನಷ್ಟು ಕಡಿಮೆ ತೋರಿಸುತ್ತವೆ ಎಂಬುದೂ ನೆನಪಿರಲಿ.

ಕೊನೆಗೆ ಪ್ರತಿ ಮುಖ್ಯ ಹವಳದ ಪಕ್ಕದಲ್ಲೇ ಸೆನ್ಸರ್ ಹಿಡಿದು ಅದರ ಹೆಸರಿನ ಮುಂದೆ ಅಂಕಿ ಬರೆಯಿರಿ. ಜೊತೆಗೆ ಆ ಹೊತ್ತಿನ ಲೈಟಿನ ಸೆಟ್ಟಿಂಗ್, ಎತ್ತರ, ತಾರೀಖು. ಈ ಒಂದು ಹಾಳೆ ಮುಂದಿನ ಎಲ್ಲ ಹಂತಗಳಿಗೂ ಬೇಕು.

ಹಂತ 3: ಹಳೆಯ ಲೈಟನ್ನು ಒರೆಸಿ, ಆಮೇಲೆ ಮಾತಾಡಿ

ಹೊಸದು ಕೊಳ್ಳುವ ಮುನ್ನ ಇರುವ ಲೈಟನ್ನು ಬಿಚ್ಚಿ ಕೆಳಗಿಳಿಸಿ, ತಿರುಗಿಸಿ ನೋಡಿ. ವರ್ಷದಿಂದ ಮುಟ್ಟದ ಲೈಟಾಗಿದ್ದರೆ ಲೆನ್ಸಿನ ಮೇಲೆ ಬೂದಿ ಬಳಿದಂಥ ಪದರ, ಅಂಚಿನಲ್ಲಿ ಹರಳುಗಟ್ಟಿದ ಉಪ್ಪು, ಫ್ಯಾನಿನ ರೆಕ್ಕೆಗೆ ಧೂಳು ಉಪ್ಪು ಬೆರೆತ ಕೊಳೆ ಕಾಣುತ್ತದೆ. ಬೆಳಕು ಅಲ್ಲೇ ಸೋರಿಹೋಗುತ್ತಿದೆ.

ಪ್ಲಗ್ ಕಿತ್ತು, ಲೈಟ್ ತಣ್ಣಗಾದ ಮೇಲೆ, ಆರ್‌ಒ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಲೆನ್ಸ್ ಒರೆಸಿ. ಸ್ಪಿರಿಟ್, ಥಿನ್ನರ್, ಗಾಜು ಒರೆಸುವ ದ್ರವ ಯಾವುದೂ ಬೇಡ. ಲೆನ್ಸ್ ಅಕ್ರಿಲಿಕ್‌ನದ್ದಾದರೆ ಅವುಗಳಿಂದ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಫ್ಯಾನ್ ಹಾಗೂ ಹೀಟ್‌ಸಿಂಕನ್ನು, ಅಂದರೆ ಎಲ್‌ಇಡಿಯ ಬಿಸಿ ಎಳೆದುಕೊಳ್ಳುವ ಅಲ್ಯೂಮಿನಿಯಂ ಹಲ್ಲುಗಳನ್ನು, ಒಣ ಬ್ರಷ್‌ನಿಂದ ಉಜ್ಜಿ. ಎಲ್‌ಇಡಿ ಬಿಸಿಯಾದಷ್ಟೂ ಅದರ ಬೆಳಕು ಕುಗ್ಗುತ್ತದೆ, ಆಯುಸ್ಸೂ ಕುಗ್ಗುತ್ತದೆ. ಫ್ಯಾನ್ ಗೊರಗುಟ್ಟುತ್ತಿದ್ದರೆ ಈಗಲೇ ಬದಲಿಸಿ. ಟ್ಯಾಂಕಿನ ಮೇಲೆ ಗಾಜಿನ ಮುಚ್ಚಳವಿದ್ದರೆ ಅದನ್ನೂ ತೊಳೆಯಿರಿ.

ಈಗ ಮತ್ತೆ ಅಳೆಯಿರಿ. ಎಷ್ಟೋ ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ. ಆದರೆ ಎಚ್ಚರ: ಕೊಳೆ ಹೋಗಿ ಬೆಳಕು ಏರಿದ್ದೂ ಏರಿಕೆಯೇ. ಮೊದಲ ಅಳತೆಗಿಂತ ತುಂಬ ಹೆಚ್ಚು ಬಂದರೆ ಡಿಮ್ಮರ್ ಇಳಿಸಿ ಹಳೆಯ ಅಂಕಿಗೇ ತಂದು, ಹಂತ 7ರಂತೆ ಮೇಲೇರಿ.

ಒಂದು ಮೂಲೆ ಕತ್ತಲಾಗಿದ್ದರೆ ಇಡೀ ಲೈಟನ್ನು ಜೋರು ಮಾಡಬೇಡಿ. ಆ ಬದಿಗೊಂದು ನೀಲಿ ಎಲ್‌ಇಡಿ ಪಟ್ಟಿ ಸೇರಿಸಿ. ಬಿಡಿ ಎಲ್‌ಇಡಿ ತಂದು ಸ್ವಂತವಾಗಿ ಜೋಡಿಸುವ ಕೈಗುಣ ಇರುವವರು ಒಂದು ಲೆಕ್ಕ ಮಾಡಿಕೊಳ್ಳಿ: ಒಂದೊಂದಕ್ಕೆ 3.2 ವೋಲ್ಟ್ ಬೇಕೆಂದುಕೊಂಡರೆ ಸಾಲಾಗಿ ಪೋಣಿಸಿದ 12 ಎಲ್‌ಇಡಿಗೆ 38.4 ವೋಲ್ಟ್. 700 ಮಿಲಿಆಂಪ್ ಹರಿಸಿದರೆ ಸುಮಾರು 27 ವಾಟ್. ಡ್ರೈವರ್, ಎಂದರೆ ಎಲ್‌ಇಡಿಗೆ ವಿದ್ಯುತ್ ಒದಗಿಸುವ ಸಾಧನ, ಕರೆಂಟನ್ನು ಸ್ಥಿರವಾಗಿಡುವ ಬಗೆಯದ್ದೇ ಆಗಿರಬೇಕು. ಎಲ್‌ಇಡಿ ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜ್ ಮಾತ್ರ ಸ್ಥಿರವಾಗಿಟ್ಟರೆ ಕರೆಂಟ್ ಏರುತ್ತಾ ಹೋಗಿ ಸುಟ್ಟುಹೋಗುತ್ತದೆ. ವಿದ್ಯುತ್ ಕೆಲಸ ಗೊತ್ತಿಲ್ಲದವರು ಉಪ್ಪುನೀರಿನ ಮೇಲೆ ಈ ಪ್ರಯೋಗಕ್ಕೆ ಇಳಿಯಬೇಡಿ.

ಹಂತ 4: ಕೊಳ್ಳುವುದೇ ಆದರೆ ಏನು ನೋಡಬೇಕು

ಡಬ್ಬದ ಮೇಲಿನ ದೊಡ್ಡಕ್ಷರಗಳನ್ನು ದಾಟಿ ಹೋಗಿ. 55 ಎಲ್‌ಇಡಿ ಇದ್ದು ಒಂದೊಂದು 3 ವಾಟ್‌ನದ್ದಾದರೆ "165 ವಾಟ್" ಎಂದು ಗುಣಿಸಿ ಬರೆದುಬಿಡುತ್ತಾರೆ. ಎಲ್‌ಇಡಿಗಳನ್ನು ಪೂರ್ತಿ ಸಾಮರ್ಥ್ಯಕ್ಕೆ ಓಡಿಸದ ಕಾರಣ ಸಾಕೆಟ್‌ನಲ್ಲಿ ಅಳೆದರೆ ಅದಕ್ಕಿಂತ ಸಾಕಷ್ಟು ಕಡಿಮೆ ಬರುತ್ತದೆ. "ಫುಲ್ ಸ್ಪೆಕ್ಟ್ರಮ್" ಎಂಬುದಕ್ಕೆ ಯಾರೂ ಒಪ್ಪಿದ ಅರ್ಥವಿಲ್ಲ. ಬೆಳಕಿನ ಬಣ್ಣ ಹೇಳುವ ಕೆಲ್ವಿನ್ ಅಂಕಿ, ಎಲ್‌ಇಡಿಗಿಂತ ಮೊದಲಿನ ಮೆಟಲ್ ಹ್ಯಾಲೈಡ್ ದೀಪಗಳ ಕಾಲದ ರೂಢಿ. ನಾಲ್ಕಾರು ಬಣ್ಣ ಬೆರೆಸುವ ಎಲ್‌ಇಡಿಗೆ ಅದು ಹೊಂದುವುದೇ ಇಲ್ಲ.

ಕೇಳಬೇಕಾದ್ದು ಪಾರ್ ನಕ್ಷೆ. ಇಂತಿಷ್ಟು ಎತ್ತರದಲ್ಲಿ ತೂಗುಹಾಕಿದರೆ ಇಂತಿಷ್ಟು ಆಳದಲ್ಲಿ ನಡುವೆ ಎಷ್ಟು, ಅಂಚಿಗೆ ಎಷ್ಟು ಎಂಬ ಚಿತ್ರ. ನಡುವೆ 500 ಇದ್ದು ಅಂಚಿಗೆ 40 ಇರುವ ಲೈಟಿಗಿಂತ ನಡುವೆ 220, ಅಂಚಿಗೆ 110 ಇರುವುದು ಎಷ್ಟೋ ಮೇಲು. ಸುಮಾರು 60 ಸೆಂಟಿಮೀಟರ್ ಉದ್ದಕ್ಕೆ ಒಂದು ಲೈಟ್ ಎಂಬುದು ಒಳ್ಳೆಯ ಆರಂಭದ ಲೆಕ್ಕ. ನಾಲ್ಕಡಿ ಟ್ಯಾಂಕಿಗೆ ಒಂದು ಭಾರಿ ಲೈಟ್ ಬೇಡ, ಎರಡು ಸಾಧಾರಣ ಲೈಟ್ ಇರಲಿ. ಬೆಳಕು ಎರಡು ಕಡೆಯಿಂದ ಬಂದಾಗ ನೆರಳು ತಿಳಿಯಾಗುತ್ತದೆ. ಕವಲೊಡೆದು ಬೆಳೆದ ಅಕ್ರೊಪೊರಾದ ಒಳಗೊಂಬೆಗಳು ಕತ್ತಲಲ್ಲಿ ಸಾಯುವುದು ತಪ್ಪುತ್ತದೆ. ಅಂಥ ಟ್ಯಾಂಕಿಗೆ ಎಲ್‌ಇಡಿ ಜೊತೆ ಟಿ5 ಎಂಬ ಸಪೂರ ಟ್ಯೂಬ್‌ಲೈಟ್ ಬೆರೆಸುವವರೂ ಇದ್ದಾರೆ, ಹರಡಿ ಬೀಳುವ ಬೆಳಕಿಗಾಗಿ.

ಲೆನ್ಸಿನ ಕೋನವನ್ನೂ ನೋಡಿ. 60 ಡಿಗ್ರಿಯದ್ದು ಬೆಳಕನ್ನು ಆಳಕ್ಕೆ ಚುಚ್ಚುತ್ತದೆ, 120 ಡಿಗ್ರಿಯದ್ದು ಅಗಲಕ್ಕೆ ಚೆಲ್ಲುತ್ತದೆ. ಎರಡಡಿ ಆಳದ ಟ್ಯಾಂಕ್ ಅಲ್ಲದಿದ್ದರೆ ಮೊದಲನೆಯದರ ಗೊಡವೆ ಬೇಡ. ಬಣ್ಣಬಣ್ಣದ ಎಲ್‌ಇಡಿಗಳನ್ನು ದೂರದೂರ ಕೂರಿಸಿದ ಲೈಟ್ ಮರಳಿನ ಮೇಲೆ ಕೆಂಪು ಹಸಿರು ಪಟ್ಟೆ ಚೆಲ್ಲುತ್ತದೆ. ಹವ್ಯಾಸಿಗಳು ಇದಕ್ಕೆ ಡಿಸ್ಕೋ ಅನ್ನುತ್ತಾರೆ. ಡಿಫ್ಯೂಸರ್, ಎಂದರೆ ಬೆಳಕು ಬೆರೆಸುವ ಮಂಜುಗಾಜಿನಂಥ ಹಾಳೆ, ಹಾಕಿದರೆ ಅದು ಇಳಿಯುತ್ತದೆ. ಪಾರ್ ಕೂಡ ಸ್ವಲ್ಪ ಇಳಿಯುತ್ತದೆ.

ಇನ್ನು ಎರಡೇ ಷರತ್ತು: ನೀಲಿ ಮತ್ತು ಬಿಳಿ ಬೇರೆಬೇರೆಯಾಗಿ ಡಿಮ್ ಆಗಬೇಕು, ಫ್ಯಾನಿನ ಬಿಡಿಭಾಗ ಸಿಗುವಂತಿರಬೇಕು.

ಹಂತ 5: ತೂಗುಹಾಕುವುದು

ನೀರಿನ ಮಟ್ಟದಿಂದ 20ರಿಂದ 30 ಸೆಂಟಿಮೀಟರ್ ಮೇಲೆ. ಎತ್ತರಿಸಿದರೆ ನಡುವಿನ ಬೆಳಕು ಕಡಿಮೆಯಾಗಿ ಅಂಚಿಗೆ ಹಂಚಿಹೋಗುತ್ತದೆ, ಒಂದಿಷ್ಟು ಟ್ಯಾಂಕಿನಾಚೆ ಚೆಲ್ಲುತ್ತದೆ. ಇಳಿಸಿದರೆ ನಡುವೆ ಉರಿಬಿಸಿಲು. ಎತ್ತರ ಹೊಂದಿಸಲು ಬರುವ ತಂತಿ ಅಥವಾ ತೋಳು ಇರಲಿ. ನೇರವಾಗಿ ಗಾಜಿನ ಅಂಚಿನ ಮೇಲೆ ಕೂರಿಸುವ ಕಾಲುಗಳು ಈ ಸ್ವಾತಂತ್ರ್ಯ ಕೊಡುವುದಿಲ್ಲ.

ವೈರ್ ಸಾಕೆಟ್‌ಗಿಂತ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರಿ ಪ್ಲಗ್ ಸೇರುವಂತಿರಲಿ. ವೈರ್ ಗುಂಟ ಇಳಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟಿನೊಳಗೆ ಹೋಗುವುದಿಲ್ಲ. ಟ್ಯಾಂಕಿನ ಸಾಕೆಟ್‌ಗಳೆಲ್ಲ 30 ಮಿಲಿಆಂಪ್ ಆರ್‌ಸಿಸಿಬಿಯ ಹಿಂದೆ ಇರಬೇಕು. ಕರೆಂಟ್ ಸೋರಿದ ಕ್ಷಣ ಲೈನ್ ಕತ್ತರಿಸುವ ಸ್ವಿಚ್ ಅದು. ಲೈಟ್ ನೀರಿಗೆ ಬೀಳದಂತೆ ಎರಡನೆಯ ತಂತಿಯೊಂದನ್ನು ಸಡಿಲವಾಗಿ ಕಟ್ಟಿಡಿ. ಉರಿಯುತ್ತಿರುವ ನೀಲಿ, ನೇರಳೆ ಎಲ್‌ಇಡಿಯನ್ನು ಕೆಳಗಿನಿಂದ ಬಗ್ಗಿ ನೇರವಾಗಿ ನೋಡಬೇಡಿ. ಕಣ್ಣಿಗೆ ಮಂಕಾಗಿ ಕಂಡರೂ ರೆಟಿನಾಕ್ಕೆ ಅದು ಮಂಕಲ್ಲ.

ಹಂತ 6: ಬಣ್ಣ ಮತ್ತು ಹೊತ್ತು

"ನೀಲಿ ಆಳಕ್ಕೆ ಇಳಿಯುತ್ತದೆ, ಅದಕ್ಕೇ ನೀಲಿ" ಎಂಬ ವಿವರಣೆ ಸಮುದ್ರಕ್ಕೆ ಸರಿ. ಅಲ್ಲಿ ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮುಗಿದಿರುತ್ತದೆ. ನಿಮ್ಮ ಅರ್ಧ ಮೀಟರ್ ನೀರಿನಲ್ಲಿ ಕೆಂಪೂ ಆರಾಮಾಗಿ ತಳ ಮುಟ್ಟುತ್ತದೆ. ನಾವು ನೀಲಿ ಹಾಕುವುದಕ್ಕೆ ಕಾರಣ ಬೇರೆ: ಜೂಕ್ಸಾಂಥೆಲ್ಲೆಯ ಕ್ಲೋರೋಫಿಲ್ ಮತ್ತು ಪೆರಿಡಿನಿನ್ ಎಂಬ ವರ್ಣಕಗಳು 400ರಿಂದ 550 ನ್ಯಾನೋಮೀಟರ್ ನಡುವಿನ ಬೆಳಕನ್ನು ಚೆನ್ನಾಗಿ ಹೀರುತ್ತವೆ. ಹಾಗಾಗಿ 450ರ ಆಸುಪಾಸಿನ ರಾಯಲ್ ಬ್ಲೂ, 470ರ ನೀಲಿ, 400ರಿಂದ 430ರ ನೇರಳೆ ಇವೇ ಬೆನ್ನೆಲುಬು. ಬಿಳಿ, ಟ್ಯಾಂಕ್ ನಿಮ್ಮ ಕಣ್ಣಿಗೆ ಹಿತವಾಗುವಷ್ಟಿರಲಿ: ನೀಲಿ ಚಾನೆಲ್ 70 ಶೇಕಡಾದಲ್ಲಿದ್ದರೆ ಬಿಳಿ 15ರಿಂದ 30. ಕೆಂಪಿನ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. ಸ್ಟೈಲೊಫೋರಾ ಪಿಸ್ಟಿಲ್ಲಾಟಾ ಎಂಬ ಎಸ್‌ಪಿಎಸ್ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕೆಂಪು ಬೆಳಕು ಹವಳದ ಆರೋಗ್ಯವನ್ನು ಕುಗ್ಗಿಸಿದ್ದು ಕಂಡುಬಂದಿದೆ.

ಒಂದು ಮೋಸದ ಗುಂಡಿ ಇಲ್ಲಿದೆ. ಬರೀ ನೀಲಿ ಹಾಕಿದಾಗ ಹವಳಗಳು ಹಸಿರು, ಕಿತ್ತಳೆಯಾಗಿ ಹೊಳೆಯುತ್ತವಲ್ಲ, ಅದು ಅವುಗಳ ಮೈಯಲ್ಲಿರುವ ಫ್ಲೋರೊಸೆಂಟ್ ಪ್ರೋಟೀನ್‌ಗಳ ಆಟ. ಇಂಥ ಹಸಿರು ಪ್ರೋಟೀನ್ ಮೊದಲು ಸಿಕ್ಕಿದ್ದು ಜೆಲ್ಲಿಮೀನಿನಲ್ಲಿ, 1962ರಲ್ಲಿ. 2008ರ ರಸಾಯನಶಾಸ್ತ್ರದ ನೊಬೆಲ್ ಸಂದದ್ದು ಅದಕ್ಕೇ. ಹೊಳಪು ಚೆಂದವೇ. ಆದರೆ ಪಾರ್ 30ರಲ್ಲಿ ಹಸಿದ ಹವಳವೂ ಹೀಗೇ ಝಗಮಗಿಸುತ್ತದೆ. ಹೊಳಪು ನೋಡಿ ಬೆಳಕು ಸಾಕು ಅಂದುಕೊಳ್ಳಬೇಡಿ.

ಹೊತ್ತಿನ ಲೆಕ್ಕ ಸರಳ. ಬೆಳಗ್ಗೆ ಒಂದೂವರೆ ತಾಸಿನಲ್ಲಿ ಮೆಲ್ಲಗೆ ಏರಲಿ, ಎಂಟು ತಾಸು ಪೂರ್ತಿ, ಮತ್ತೆ ಒಂದೂವರೆ ತಾಸು ಇಳಿತ. ರಾತ್ರಿ ಪೂರ್ತಿ ಕತ್ತಲು. ಬೆಳದಿಂಗಳ ಲೈಟ್ ನಮ್ಮ ಖುಷಿಗೆ ಅಷ್ಟೇ. ಹವಳ ಲೆಕ್ಕ ಇಡುವುದು ಇಡೀ ದಿನದ ಒಟ್ಟು ಬೆಳಕಿಗೆ. ಪಾರ್ 120 ಒಂಬತ್ತು ತಾಸು ಬಿದ್ದರೆ ಚದರ ಮೀಟರಿಗೆ ದಿನಕ್ಕೆ ಸುಮಾರು 3.9 ಮೋಲ್ (ಒಂದು ಮೋಲ್ ಎಂದರೆ ಹತ್ತು ಲಕ್ಷ ಮೈಕ್ರೋಮೋಲ್); ಅದೇ ಬೆಳಕು ಹನ್ನೆರಡು ತಾಸಾದರೆ 5.2. ಹಾಗಾಗಿ "ಸಂಜೆ ಮನೆಗೆ ಬಂದು ನೋಡೋಣವೆಂದು ಮೂರು ತಾಸು ಹೆಚ್ಚಿಸಿದೆ" ಎಂಬುದೂ ಮೂರನೇ ಒಂದು ಪಾಲಿನಷ್ಟು ಬೆಳಕು ಏರಿಸಿದಂತೆ. ಸಂಜೆ ನೋಡುವ ಆಸೆಯಿದ್ದರೆ ಲೈಟ್ ಹೊತ್ತುವ ಸಮಯವನ್ನೇ ಮುಂದಕ್ಕೆ ಹಾಕಿ.

ಹಂತ 7: ಏರಿಸುವುದು, ಎಲ್ಲಕ್ಕಿಂತ ಮುಖ್ಯ

ಜೂಕ್ಸಾಂಥೆಲ್ಲೆ ತನಗೆ ಬೀಳುವ ಬೆಳಕಿಗೆ ತಕ್ಕಂತೆ ವರ್ಣಕ ಹೊಂದಿಸಿಕೊಂಡಿರುತ್ತದೆ. ಕಡಿಮೆ ಬೆಳಕಿಗೆ ಒಗ್ಗಿದಾಗ ವರ್ಣಕ ಜಾಸ್ತಿ. ಆ ಸ್ಥಿತಿಯಲ್ಲಿ ದಿಢೀರ್ ಬೆಳಕು ಸುರಿದರೆ ಬಳಸಲಾಗದ ಶಕ್ತಿ ಒಳಗೇ ಉಳಿದು ಹಾನಿಕರ ಆಮ್ಲಜನಕ ರೂಪಗಳು ಹುಟ್ಟುತ್ತವೆ. ಆಗ ಹವಳ ಪಾಚಿಯನ್ನೇ ಹೊರಹಾಕುತ್ತದೆ. ಅದೇ ಬಿಳಿಚಿಕೆ. ನಾನೂ ಮೊದಲ ಎಲ್‌ಇಡಿಯನ್ನು ಸಂಭ್ರಮದಲ್ಲಿ ನೂರಕ್ಕೆ ಇಟ್ಟು, ವಾರದೊಳಗೆ ಅಂಗೈ ಅಗಲದ ಕೆಂಪು ಮಾಂಟಿಪೊರಾ ಸುಣ್ಣದ ಬಿಲ್ಲೆಯಾದದ್ದನ್ನು ನೋಡಿದವನೇ.

ಮೀಟರ್ ಇರುವವರಿಗೆ ದಾರಿ ಹೀಗೆ. ಹಂತ 2ರ ಹಾಳೆ ತೆಗೆಯಿರಿ. ಮಾಂಟಿಪೊರಾ ಜಾಗದಲ್ಲಿ ಹಳೆಯ ಲೈಟ್ 140 ಕೊಡುತ್ತಿತ್ತು ಎಂದುಕೊಳ್ಳೋಣ. ಹೊಸ ಲೈಟನ್ನು ಅದೇ ಜಾಗದಲ್ಲಿ 130 ಬರುವಂತೆ ಡಿಮ್ ಮಾಡಿ ಶುರು ಮಾಡಿ. ಬಣ್ಣದ ಹಂಚಿಕೆ ಬದಲಾಗಿರುವುದರಿಂದ ಈ ಸಣ್ಣ ರಿಯಾಯಿತಿ. ಗುರಿ 220 ಆಗಿದ್ದರೆ ವಾರಕ್ಕೆ 15ರಂತೆ ಆರು ವಾರ. ಮೀಟರ್ ಸಿಗದಿದ್ದರೆ ಹೊಸ ಲೈಟನ್ನು 30ರಿಂದ 40 ಶೇಕಡಾದಲ್ಲಿ ಹೊತ್ತಿಸಿ, ವಾರಕ್ಕೆ 5 ಶೇಕಡಾ ಮಾತ್ರ ಏರಿಸಿ. ಯಾವುದಾದರೂ ಹವಳ ಮುದುಡಿದರೆ ಹಿಂದಿನ ವಾರದ ಮಟ್ಟಕ್ಕೆ ಮರಳಿ, ಹತ್ತು ದಿನ ಅಲ್ಲೇ ನಿಲ್ಲಿ.

ಈ ವಾರಗಳಲ್ಲಿ ಬೇರೇನನ್ನೂ ಬದಲಿಸಬೇಡಿ. ಲೈಟ್, ಉಪ್ಪಿನ ಬ್ರ್ಯಾಂಡ್, ಆಹಾರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯದು. ಆದರೆ ನೀರಿನ ಪರೀಕ್ಷೆ ಹೆಚ್ಚಿಸಿ. ಬೆಳಕು ಏರಿದಂತೆ ಹವಳ ಬೇಗ ಅಸ್ಥಿ ಕಟ್ಟುತ್ತದೆ, ನೀರಿನ ಕೆಎಚ್, ಅಂದರೆ ಕಾರ್ಬೊನೇಟ್ ಗಡಸುತನ, ಬೇಗ ಇಳಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಅಳೆದು 7ರಿಂದ 9ರ ನಡುವೆ ಒಂದೇ ಕಡೆ ನಿಲ್ಲಿಸಿ. ಪೋಷಕಾಂಶಗಳಾದ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಿರುವ ಟ್ಯಾಂಕಿನಲ್ಲಿ ಬೆಳಕು ಏರಿಸುವುದು ಉಪವಾಸ ಇದ್ದವರನ್ನು ಓಟಕ್ಕೆ ನಿಲ್ಲಿಸಿದಂತೆ. ಮೊದಲು ನೈಟ್ರೇಟನ್ನು 5 ಪಿಪಿಎಂ ಆಸುಪಾಸಿಗೆ ತಂದು, ಫಾಸ್ಫೇಟೂ ಸೊನ್ನೆಯಿಂದ ಮೇಲೆ ಕಾಣುವಂತಾದ ಮೇಲೆ ಮುಂದುವರಿಯಿರಿ.

ಹಂತ 8: ಹವಳ ಹೇಳುವುದನ್ನು ಓದಿ

ಮಶ್ರೂಮ್ ಅಂಚು ಮಡಚಿ ಬಟ್ಟಲಿನಂತಾದರೆ, ಟಾರ್ಚ್‌ನ ಬೆರಳುಗಳು ನಡುಹಗಲಲ್ಲಿ ಒಳಸೇರಿ ಸಂಜೆ ಮಾತ್ರ ಹೊರಬಂದರೆ, ಹವಳದ ನೆತ್ತಿ ಮೊದಲು ತೆಳುವಾಗಿ ಬುಡದ ಬಣ್ಣ ಹಾಗೇ ಉಳಿದರೆ ಬೆಳಕು ಜಾಸ್ತಿ ಎಂದೇ ಹಿಡಿಯಿರಿ. ಜೊವಾಂತಿಡ್ ಕತ್ತು ಉದ್ದ ಮಾಡಿ ಮೇಲಕ್ಕೆ ಚಾಚಿಕೊಂಡರೆ ಬೆಳಕು ಸಾಲದು. ಎಸ್‌ಪಿಎಸ್ ಕಂದು ಬಣ್ಣಕ್ಕೆ ತಿರುಗಿದರೆ ಬೆಳಕು ಸಾಲದೆ ಇರಬಹುದು, ನೀರಿನಲ್ಲಿ ಪೋಷಕಾಂಶ ಹೆಚ್ಚಾಗಿಯೂ ಇರಬಹುದು. ಪರೀಕ್ಷೆ ಮಾಡದೆ ಡಿಮ್ಮರ್ ಮುಟ್ಟಬೇಡಿ.

ಅಕ್ರೊಪೊರಾದ ಕೊಂಬೆಯ ತುದಿ ಬಿಳಿಯಿದ್ದರೆ ಗಾಬರಿ ಬೇಡ, ಅದು ಬೆಳೆಯುತ್ತಿರುವ ತುದಿ. ಆ ಬಿಳಿಯ ಮೇಲೆ ತೆಳು ಅಂಗಾಂಶ ಹೊದ್ದಿರುತ್ತದೆ. ಭೂತಗನ್ನಡಿ ಹಿಡಿದಾಗ ಅಂಗಾಂಶವೇ ಇಲ್ಲದ ಬರೀ ಎಲುಬು ಕಂಡರೆ ಮಾತ್ರ ಚಿಂತೆ. ಹಾಗಾದಾಗಲೂ ಲೈಟಿಗಿಂತ ಮೊದಲು ಕೆಎಚ್ ಏರಿಳಿತವನ್ನು ಅನುಮಾನಿಸಿ.

ಬಿಳಿಚಿಕೆ ಕೆಲವೇ ದಿನಗಳಲ್ಲಿ ಕಾಣುತ್ತದೆ, ಬಣ್ಣ ಮರಳಲು ತಿಂಗಳುಗಳು ಬೇಕು. ಬಿಳಿಚಿದ ಹವಳದ ಅಂಗಾಂಶ ಇನ್ನೂ ಇದ್ದರೆ ಅದು ಸತ್ತಿಲ್ಲ. ಅದನ್ನು ಕೆಳಗಿನ ನೆರಳಿಗೆ ಇಳಿಸಿ, ತಿನ್ನುವ ಜಾತಿಯಾದರೆ ಸಣ್ಣ ಆಹಾರ ಕೊಡಿ, ಕಾಯಿರಿ. ದಿನಾ ಜಾಗ ಬದಲಿಸುವುದು ಬೇಡ.

ಹೊಸದಾಗಿ ತಂದ ತುಣುಕಿಗೂ ಇದೇ ನಿಯಮ. ಹಿಂದಿನ ಟ್ಯಾಂಕಿನಲ್ಲಿ ಪಾರ್ ಎಷ್ಟಿತ್ತೆಂದು ಕೇಳಿಕೊಳ್ಳಿ. ತಿಳಿಯದಿದ್ದರೆ ಮೊದಲ ಎರಡು ವಾರ ಮರಳಿನ ಮೇಲೆ, ಅಂಚಿನ ಕಡೆ ಇಡಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ.

ಹಂತ 9: ಆರು ತಿಂಗಳಿಗೊಮ್ಮೆ

ಲೆನ್ಸ್ ತಿಂಗಳಿಗೊಮ್ಮೆ ಒರೆಸಿದರೆ ಸಾಕು, ಫ್ಯಾನ್ ಮೂರು ತಿಂಗಳಿಗೊಮ್ಮೆ. ಪಾರ್ ಅಳತೆ ಆರು ತಿಂಗಳಿಗೊಮ್ಮೆ ಮಾಡಿ, ಅದೇ ಒಂಬತ್ತು ಚೌಕಗಳಲ್ಲಿ. ಎಲ್‌ಇಡಿ ವರ್ಷಗಳಲ್ಲಿ ನಿಧಾನವಾಗಿ ಸೊರಗುತ್ತದೆ, ಹವಳ ಅಷ್ಟರಲ್ಲಿ ಲೈಟಿನತ್ತ ಬೆಳೆದಿರುತ್ತದೆ. ಹಾಕಿದಾಗ 200ರಲ್ಲಿದ್ದ ಅಕ್ರೊಪೊರಾದ ತುದಿ ಒಂದು ಗೇಣು ಮೇಲೆದ್ದು 350ರಲ್ಲಿ ನಿಂತಿರಬಹುದು, ಅದರ ನೆರಳಿನಲ್ಲಿರುವ ಟಾರ್ಚ್‌ಗೆ 50ಕ್ಕೆ ಇಳಿದಿರಬಹುದು. ಆಗ ಲೈಟಿಗೆ ಕೈಹಾಕಬೇಡಿ. ಅಕ್ರೊಪೊರಾವನ್ನು ಕತ್ತರಿಸಿ, ಆ ತುಣುಕನ್ನು ಪಾರ್ ಮೀಟರ್ ಎರವಲು ಕೊಟ್ಟವರಿಗೇ ಕೊಟ್ಟುಬಿಡಿ.